ಡಿಸ್ಕ್ ಬ್ರೇಕ್ ಸೈಕಲ್ ತೊಳೆಯುವಾಗ ನೀರಿಗಿಂತ ಎಣ್ಣೆಗೆ ಹೆದರಿ

ಇವತ್ತು ಯಾವುದೇ ಊರಿನ ಸೈಕಲ್ ಅಂಗಡಿಯ ಮುಂದೆ ನಿಂತರೂ ಚಕ್ರದ ನಡುವೆ ತೂತುತೂತಿನ ಉಕ್ಕಿನ ತಟ್ಟೆ ಹೊಳೆಯುವ ಸೈಕಲ್ಲುಗಳು ಸಾಲಾಗಿ ಕಾಣುತ್ತವೆ. ಹಿಂದೆ ದುಬಾರಿ ಮೌಂಟನ್ ಬೈಕುಗಳಲ್ಲಿ ಮಾತ್ರ ಇದ್ದ ಡಿಸ್ಕ್ ಬ್ರೇಕ್ ಈಗ ಹೈಸ್ಕೂಲು ಹುಡುಗರ ಸೈಕಲ್ಲಿಗೂ ಬಂದಿದೆ. ಬ್ರೇಕು ಬದಲಾಯಿತು, ತೊಳೆಯುವ ರೂಢಿ ಮಾತ್ರ ಹಾಗೇ ಉಳಿಯಿತು. ಸೀಮೆಎಣ್ಣೆಯಲ್ಲಿ ಚೈನ್ ಉಜ್ಜಿ, ಪೈಪಿನಲ್ಲಿ ನೀರು ಬಿಟ್ಟು, ಕೊನೆಗೆ ಎಣ್ಣೆ ಬಟ್ಟೆಯಿಂದ ಇಡೀ ಸೈಕಲ್ ಒರೆಸಿ ಮಿರಮಿರ ಮಿಂಚಿಸುವುದು ರಿಮ್ ಬ್ರೇಕಿನ ಕಾಲದಿಂದ ಬಂದ ಕ್ರಮ. ಡಿಸ್ಕ್ ಬ್ರೇಕಿನ ಸೈಕಲ್ಲಿಗೂ ಅದನ್ನೇ ಮಾಡಿದರೆ, ಮರುದಿನ ಇಳಿಜಾರಿನಲ್ಲಿ ಲಿವರ್ ಒತ್ತಿದಾಗ ಬ್ರೇಕ್ ಕಿರುಚುತ್ತದೆ, ಆದರೆ ಸೈಕಲ್ ನಿಲ್ಲುವುದಿಲ್ಲ.

ಆಮೇಲೆ ದೂರು ನೀರಿನ ಮೇಲೆ ಬೀಳುತ್ತದೆ. ‘ಡಿಸ್ಕಿಗೆ ನೀರು ಹೋಯಿತು, ಬ್ರೇಕ್ ಕೆಟ್ಟಿತು’ ಎನ್ನುವವರೇ ಹೆಚ್ಚು. ನಿಜದಲ್ಲಿ ಮಳೆ, ಕೆಸರಿನಲ್ಲಿ ರಿಮ್ ಬ್ರೇಕಿಗಿಂತ ಚೆನ್ನಾಗಿ ಹಿಡಿಯುವುದೇ ಡಿಸ್ಕಿನ ಹೆಚ್ಚುಗಾರಿಕೆ. ಅದನ್ನು ಕೆಡಿಸುವುದು ಎಣ್ಣೆ. ಹಾಗಾಗಿ ಡಿಸ್ಕ್ ಸೈಕಲ್ ತೊಳೆಯುವ ಕೆಲಸವೆಂದರೆ ಬಹುಮಟ್ಟಿಗೆ ಎಣ್ಣೆಯನ್ನು ಅದರ ಜಾಗದಲ್ಲೇ ಇರಿಸುವ ಕೆಲಸ.

ತಟ್ಟೆ, ಪ್ಯಾಡ್, ಕ್ಯಾಲಿಪರ್

ಚಕ್ರದ ಅಂಚಿನ ಬದಲು ನಡುವಿನ ತಟ್ಟೆಯನ್ನು ಹಿಡಿದು ನಿಲ್ಲಿಸುವ ಉಪಾಯ ಹಳೆಯದು. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಕಾರಿನ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. ಸೈಕಲ್ಲಿನಲ್ಲಿ ಅದು ನೆಲೆಯೂರಿದ್ದು 1990ರ ದಶಕದ ಮೌಂಟನ್ ಬೈಕುಗಳಿಂದ. ರಸ್ತೆ ರೇಸುಗಳಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ಅದಕ್ಕೆ ಪೂರ್ಣ ಒಪ್ಪಿಗೆ ಕೊಟ್ಟದ್ದು 2018ರಲ್ಲಿ.

ತಟ್ಟೆಗೆ ರೋಟರ್ ಎಂದು ಹೆಸರು. ಸ್ಟೇನ್‌ಲೆಸ್ ಉಕ್ಕಿನ ಇದರ ವ್ಯಾಸ ಸಾಮಾನ್ಯವಾಗಿ 140, 160, 180 ಅಥವಾ 203 ಮಿಲಿಮೀಟರ್. ದಪ್ಪ ಹೊಸದಿದ್ದಾಗ ಸುಮಾರು 1.8 ಮಿಲಿಮೀಟರ್. ರೋಟರಿನ ಎರಡೂ ಕಡೆ ಒಂದೊಂದು ಪ್ಯಾಡ್ ಇರುತ್ತದೆ. ಪ್ಯಾಡುಗಳನ್ನು ಹಿಡಿದಿರುವ ಗೂಡೇ ಕ್ಯಾಲಿಪರ್. ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಲಿವರಿನಿಂದ ಕ್ಯಾಲಿಪರಿನವರೆಗೆ ಕೇಬಲ್ ಇರುತ್ತದೆ, ಉಳಿದವುಗಳಲ್ಲಿ ದ್ರವ ತುಂಬಿದ ಕೊಳವೆ. ದ್ರವದ ಬಗೆಯಲ್ಲಿ ಪಿಸ್ಟನ್ನಿನ ಸುತ್ತ ಚೌಕನೆಯ ರಬ್ಬರ್ ಸೀಲ್ ಕೂತಿರುತ್ತದೆ. ಲಿವರ್ ಒತ್ತಿದಾಗ ಅದು ತುಸು ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನು ಹಿಂದಕ್ಕೆಳೆಯುತ್ತದೆ. ಪ್ಯಾಡಿಗೂ ರೋಟರಿಗೂ ನಡುವೆ ಉಳಿಯುವ ಸಂದು ಕೂದಲೆಳೆಯಷ್ಟೇ. ಪಿಸ್ಟನ್ನಿನ ಸುತ್ತ ಕೆಸರು ಒಣಗಿ ಗಟ್ಟಿಯಾದರೆ ಈ ಹಿಂದೆಳೆತ ನಿಧಾನವಾಗಿ, ಪ್ಯಾಡ್ ಸದಾ ರೋಟರಿಗೆ ತಾಗುತ್ತಿರುತ್ತದೆ. ಆದ್ದರಿಂದ ತೊಳೆಯದೆ ಬಿಡುವುದೂ ತಪ್ಪೇ.

ಪ್ಯಾಡಿನ ಗುಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ರಾಳದಲ್ಲಿ ನಾರು, ಪುಡಿ ಬೆರೆಸಿ ಒತ್ತಿದ್ದು ರೆಸಿನ್ ಪ್ಯಾಡ್. ಲೋಹದ ಪುಡಿಯನ್ನು ಬಿಸಿಯಲ್ಲಿ ಬೆಸೆದದ್ದು ಸಿಂಟರ್ಡ್ ಪ್ಯಾಡ್. ಎರಡರಲ್ಲೂ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ. ಎಣ್ಣೆ ತಗುಲಿದರೆ ಗೋಡೆಗೆ ಬಿದ್ದ ಎಣ್ಣೆ ಕಲೆಯ ಹಾಗೆ ಒಳಗೆ ಇಳಿದುಬಿಡುತ್ತದೆ. ಮೇಲೆ ಒರೆಸಿದರೆ ಹೋದಂತೆ ಕಾಣುತ್ತದೆ. ಬ್ರೇಕ್ ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದೆ. ನೀರು ಹಾಗಲ್ಲ. ನಾಲ್ಕು ಸಲ ಲಿವರ್ ಒತ್ತಿದರೆ ತಿಕ್ಕಾಟದ ಬಿಸಿಗೆ ಆರಿಹೋಗುತ್ತದೆ. ಒದ್ದೆ ಡಿಸ್ಕ್ ಮೊದಲ ಕ್ಷಣ ಊಳಿಡುವುದು, ತುಸು ತಡವಾಗಿ ಹಿಡಿಯುವುದು ಸಹಜ, ರೋಗವಲ್ಲ.

ವಾಟರ್ ಸರ್ವಿಸ್ ಬೇಡ

ಬೈಕು, ಆಟೋ ತೊಳೆಯುವ ವಾಟರ್ ಸರ್ವಿಸ್ ಅಂಗಡಿಗೆ ಸೈಕಲ್ ಒಯ್ಯುವುದು ಸುಲಭದ ದಾರಿಯಂತೆ ಕಾಣುತ್ತದೆ. ಇದನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ಮೊದಲ ಕಾರಣ ನೀರಿನ ಒತ್ತಡ. ಮನೆಯ ನಲ್ಲಿಯ ಒತ್ತಡ ಕೆಲವೇ ಬಾರ್. ಪ್ರೆಶರ್ ವಾಷರಿನದು ನೂರು ಬಾರ್ ಮತ್ತು ಅದಕ್ಕೂ ಮೇಲೆ. ಹಬ್, ಪೆಡಲಿನ ನಡುವಣ ಬೇರಿಂಗ್, ಹ್ಯಾಂಡಲಿನ ಬುಡ, ಸಸ್ಪೆನ್ಷನ್ ಇವಕ್ಕೆಲ್ಲ ಇರುವ ಸೀಲುಗಳು ಮಳೆಯನ್ನು ತಡೆಯಲು ಸಾಕು, ಅಂಥ ಧಾರೆಯನ್ನು ತಡೆಯಲಾರವು. ನೀರು ಒಳಗೆ ನುಗ್ಗಿ ಗ್ರೀಸ್ ತೊಳೆದುಹೋಗುತ್ತದೆ. ಹೊರಬಂದ ಗ್ರೀಸ್ ಹಬ್ಬಿನ ಪಕ್ಕದಲ್ಲೇ ಇರುವ ರೋಟರಿನ ಮೇಲೆ ಬೀಳುವುದೂ ಉಂಟು. ಕ್ಯಾಲಿಪರಿಗೆ ನೇರ ಧಾರೆ ಹಿಡಿದರೆ ಮಣ್ಣಿನ ಕಣಗಳು ಪಿಸ್ಟನ್ ಸೀಲಿನತ್ತ ತಳ್ಳಿಕೊಂಡು ಹೋಗುತ್ತವೆ.

ಎರಡನೆಯ ಕಾರಣ ಇನ್ನೂ ದೊಡ್ಡದು. ತೊಳೆದ ಮೇಲೆ ಗಾಡಿಗೆ ಡೀಸೆಲ್ ಅಥವಾ ಎಣ್ಣೆ ಸಿಂಪಡಿಸಿ, ಟೈರಿಗೆ ಪಾಲಿಶ್ ಹೊಡೆದು ಹೊಳಪು ಕೊಡುವ ಪದ್ಧತಿ ನಮ್ಮಲ್ಲಿ ಅನೇಕ ಕಡೆ ಇದೆ. ಆ ಸಿಂಪರಣೆಯ ಮಂಜು ಒಮ್ಮೆ ರೋಟರಿನ ಮೇಲೆ ಕೂತರೆ ಪ್ಯಾಡಿನ ಕಥೆ ಮುಗಿದಂತೆ. ಟೈರ್ ಪಾಲಿಶಿನಲ್ಲಿರುವ ಸಿಲಿಕೋನ್ ಎಣ್ಣೆಯಂತೂ ಬಿಡದೆ ಅಂಟುವ ಜಾತಿಯದು. ಫ್ರೇಮಿಗೆ ಹೊಳಪು ಬೇಕೆಂದರೆ ಪಾಲಿಶನ್ನು ಬಟ್ಟೆಗೆ ಹಾಕಿ, ಬಟ್ಟೆಯಿಂದ ಫ್ರೇಮಿಗೆ ಹಚ್ಚಿ.

ಬೇಕಾದ ಸಾಮಾನು

ಎರಡು ಬಕೆಟ್ ನೀರು, ಒಂದು ಮಗ್, ಮೃದು ಬ್ರಷ್, ಚೈನಿಗೆ ಬೇರೆ ಗಟ್ಟಿ ಬ್ರಷ್, ಒಂದು ಸ್ಪಂಜು, ಹಳೆಯ ಬನಿಯನ್ ಬಟ್ಟೆ. ಇಷ್ಟಕ್ಕೆ ಕೆಲಸ ನಡೆಯುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಕೊರತೆ ತಟ್ಟಿದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಹೇಳಿತ್ತು. ಬಕೆಟ್ಟಿನ ಲೆಕ್ಕದಲ್ಲಿ ತೊಳೆಯುವುದು ಆ ದೃಷ್ಟಿಯಿಂದಲೂ ಒಳ್ಳೆಯದು. ತರಕಾರಿ, ಅಕ್ಕಿ ತೊಳೆದ ನೀರು ಮಾತ್ರ ಬೇಡ; ಅದು ಆರಿದ ಮೇಲೆ ಅಂಟು ಉಳಿಸುತ್ತದೆ.

ಸೋಪಿನ ವಿಷಯಕ್ಕೆ ಬಂದರೆ, ಸೈಕಲ್ಲಿಗೆಂದೇ ಬರುವ ಶಾಂಪೂ ಸಿಕ್ಕರೆ ಅದೇ ಉತ್ತಮ. ಇಲ್ಲವಾದರೆ ಪಾತ್ರೆ ತೊಳೆಯುವ ದ್ರವವನ್ನು ಒಂದು ಬಕೆಟ್ಟಿಗೆ ಒಂದು ಚಮಚದಷ್ಟು ಬೆರೆಸಿ, ಕೊನೆಗೆ ಒಳ್ಳೆಯ ನೀರಿನಲ್ಲಿ ಚೆನ್ನಾಗಿ ಜಾಲಿಸಬೇಕು. ಹೊಳಪಿಗಾಗಿ ಮೇಣ ಬೆರೆತ ಕಾರ್ ಶಾಂಪೂ ಸಲ್ಲ. ಫ್ರೇಮಿನ ಮೇಲೆ ಪೊರೆ ಬಿಡುವಂತೆ ಅದು ರೋಟರಿನ ಮೇಲೂ ಬಿಡುತ್ತದೆ.

ಬಟ್ಟೆಯಲ್ಲಿ ಕಟ್ಟುನಿಟ್ಟು ಬೇಕು. ರೋಟರ್ ಒರೆಸುವ ಬಟ್ಟೆ ಬೇರೆಯೇ ಇರಲಿ. ಚೈನ್ ಮುಟ್ಟಿದ ಬಟ್ಟೆಯನ್ನು ಒಗೆದರೂ ರೋಟರಿಗೆ ತರಬೇಡಿ. ಬಟ್ಟೆಗೆ ಮೆತ್ತನೆ ಬರಿಸುವ ಕಂಡೀಷನರ್ ಹಾಕಿ ಒಗೆದಿದ್ದರೆ ಅದರಲ್ಲೂ ಜಿಡ್ಡಿನ ಪೊರೆ ಇರುತ್ತದೆ.

ರೋಟರಿನ ಜಿಡ್ಡು ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಮೊಬೈಲ್ ರಿಪೇರಿಯವರು ಸರ್ಕ್ಯೂಟ್ ಬೋರ್ಡ್ ಶುಚಿ ಮಾಡಲು ಬಳಸುವುದು ಇದನ್ನೇ. ಅದು ಏನೂ ಉಳಿಸದೆ ಆರಿಹೋಗುತ್ತದೆ. ಅದಿಲ್ಲವೆಂದು ಕೈಗೆ ಹಚ್ಚುವ ಸ್ಯಾನಿಟೈಸರ್ ಸುರಿಯಬೇಡಿ. ಚರ್ಮ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್ ಇರುತ್ತದೆ. ಪೆಟ್ರೋಲ್, ಸೀಮೆಎಣ್ಣೆ, ತಿನ್ನರ್ ಯಾವುದೂ ಇದರ ಬದಲಿಗೆ ಬರುವುದಿಲ್ಲ. ಆಲ್ಕೋಹಾಲ್ ಬೇಗ ಬೆಂಕಿ ಹತ್ತುವ ವಸ್ತು. ಒಲೆ, ದೀಪ, ಬೀಡಿ ಸಿಗರೇಟಿನಿಂದ ದೂರ, ಗಾಳಿಯಾಡುವ ಕಡೆ ಬಳಸಿ.

ತೊಳೆಯುವ ಕ್ರಮ

ಸವಾರಿಯಿಂದ ಬಂದ ಕೂಡಲೇ ನೀರು ಹಾಕಬೇಡಿ. ನಂದಿಬೆಟ್ಟದಂಥ ಇಳಿಜಾರು ಇಳಿದು ಬಂದ ರೋಟರ್ ಚರ್ಮ ಸುಡುವಷ್ಟು ಬಿಸಿಯಿರುತ್ತದೆ. ಅದಕ್ಕೆ ತಣ್ಣೀರು ಬಿದ್ದರೆ ತಟ್ಟೆ ಸೊಟ್ಟಗಾಗಬಹುದು. ಬಿಸಿ ಇದೆಯೇ ಎಂದು ಬೆರಳಿಟ್ಟು ನೋಡುವುದು ಬೇಡ, ಕಾಲು ಗಂಟೆ ನೆರಳಿನಲ್ಲಿ ನಿಲ್ಲಿಸಿದರೆ ಸಾಕು. ಬಿಸಿಲಿನಲ್ಲಿ ತೊಳೆದರೆ ಸೋಪು ಅಲ್ಲಲ್ಲೇ ಒಣಗಿ ಕಲೆಯಾಗುತ್ತದೆ.

ಮೊದಲ ಕೆಲಸ ಚೈನಿನದು, ಏಕೆಂದರೆ ಸೈಕಲ್ಲಿನಲ್ಲಿರುವ ಎಣ್ಣೆಯೆಲ್ಲ ಹೆಚ್ಚುಕಡಿಮೆ ಅಲ್ಲೇ ಇದೆ. ಅದನ್ನು ಕೊನೆಗೆ ಇಟ್ಟುಕೊಂಡರೆ ಶುಚಿಯಾದ ಬ್ರೇಕಿನ ಮೇಲೆ ಕಪ್ಪು ನೀರು ಹರಿಯುತ್ತದೆ. ಚೈನ್ ಬಲಗಡೆ, ರೋಟರ್ ಎಡಗಡೆ ಇದ್ದರೂ ಹಿಂದಿನ ಚಕ್ರದಲ್ಲಿ ಎರಡರ ನಡುವೆ ಹಬ್ಬಿನ ಅಗಲವಷ್ಟೇ ಅಂತರ. ಗಟ್ಟಿ ಬ್ರಷ್ಷಿನಿಂದ ಗೇರಿನ ಹಲ್ಲು ಉಜ್ಜುವಾಗ ಸಿಡಿಯುವ ಹನಿ ಸ್ಪೋಕುಗಳ ನಡುವಿನಿಂದ ಆಚೆ ದಾಟುತ್ತದೆ. ಆದ್ದರಿಂದ ರೋಟರ್ ಮತ್ತು ಕ್ಯಾಲಿಪರಿನ ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿ. ಅಡುಗೆಮನೆಯ ಎಣ್ಣೆ ಪೊಟ್ಟಣ ತುಂಬಿಟ್ಟ ಚೀಲ ಆಗದು. ಜಿಡ್ಡು ಬಿಡಿಸುವ ದ್ರವವಾದ ಡಿಗ್ರೀಸರನ್ನು ಬ್ರಷ್ಷಿಗೆ ಅಥವಾ ಬಟ್ಟೆಗೆ ಹಾಕಿ ಚೈನಿಗೆ ಹಚ್ಚಬೇಕು, ಗಾಳಿಯಲ್ಲಿ ಸಿಂಪಡಿಸಬಾರದು. ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ಚಕ್ರ ತಿರುಗದೆ ಚೈನ್ ಮಾತ್ರ ಓಡುತ್ತದೆ, ಹನಿ ಕಡಿಮೆ ಸಿಡಿಯುತ್ತದೆ. ತಿರುಗುವ ರೋಟರಿನ ತೂತುಗಳಿಗೆ ಬೆರಳು ಸಿಕ್ಕರೆ ತುಂಡಾಗುವಷ್ಟು ಅಪಾಯ. ಮಕ್ಕಳು ಪಕ್ಕದಲ್ಲಿ ಕೈಹಾಕುತ್ತಿದ್ದರೆ ಚಕ್ರ ತಿರುಗಿಸುವ ಕೆಲಸವನ್ನು ನಿಲ್ಲಿಸಿಬಿಡಿ.

ಚೈನಿನ ಕೊಳೆ ಹೋದ ಮೇಲೆ ಚೀಲ ತೆಗೆದು ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಮೊದಲು ಬರಿಯ ನೀರು ಹುಯ್ದು ಮಣ್ಣು ನೆನೆಯಲು ಬಿಡಬೇಕು. ಒಣ ಮಣ್ಣಿನ ಮೇಲೆ ಸ್ಪಂಜು ಎಳೆದರೆ ಬಣ್ಣ ಗೀರುತ್ತದೆ. ಹ್ಯಾಂಡಲ್, ಸೀಟು, ಫ್ರೇಮ್, ಆಮೇಲೆ ಚಕ್ರ, ಟೈರು. ರೋಟರ್ ಮತ್ತು ಕ್ಯಾಲಿಪರಿಗೆ ಮಗ್ಗಿನಿಂದ ನಿಧಾನಕ್ಕೆ ನೀರು ಹುಯ್ದರೆ ಒಣಗಿದ ಕೆಸರೂ ಪ್ಯಾಡಿನ ಪುಡಿಯೂ ಇಳಿದುಹೋಗುತ್ತವೆ. ಬೇಕಿದ್ದರೆ ಬಳಸದ ಹಲ್ಲುಜ್ಜುವ ಬ್ರಷ್ಷಿನಿಂದ ಕ್ಯಾಲಿಪರಿನ ಹೊರಮೈ ಉಜ್ಜಿ. ಈ ಪುಡಿಯನ್ನು ಬಾಯಿಂದ ಊದುವುದು, ಪಂಕ್ಚರ್ ಅಂಗಡಿಯ ಗಾಳಿಯಿಂದ ಹಾರಿಸುವುದು ಶ್ವಾಸಕ್ಕೆ ಕೆಟ್ಟದ್ದು. ನೀರಿನೊಂದಿಗೆ ಹೋಗಲಿ.

ತೊಳೆದಾದ ಮೇಲೆ ಚಕ್ರಗಳನ್ನು ಒಂದೆರಡು ಸಲ ನೆಲಕ್ಕೆ ಕುಟ್ಟಿದರೆ ಸಂದಿನ ನೀರು ಉದುರುತ್ತದೆ. ಫ್ರೇಮನ್ನು ಒಂದು ಬಟ್ಟೆಯಿಂದ, ರೋಟರನ್ನು ಅದಕ್ಕೆಂದೇ ಇಟ್ಟ ಬಟ್ಟೆಯಿಂದ ಒರೆಸಿ. ಆ ಬಟ್ಟೆಯ ಇನ್ನೊಂದು ತುದಿಗೆ ಆಲ್ಕೋಹಾಲ್ ತಾಗಿಸಿ ರೋಟರಿನ ಎರಡೂ ಮೈ ಒರೆಸಿದರೆ ಸೋಪಿನ ಪೊರೆಯೂ ಹೋಯಿತು. ಬಟ್ಟೆ ಕಪ್ಪಾದರೆ ಹೊಸ ಜಾಗದಿಂದ ಇನ್ನೊಮ್ಮೆ. ಆಮೇಲೆ ರೋಟರಿಗೆ ಬರಿಗೈ ತಾಗಿಸಬೇಡಿ, ಬೆರಳಿನ ಜಿಡ್ಡೂ ಜಿಡ್ಡೇ.

ಬ್ಯಾಟರಿ ಸೈಕಲ್ ಆದರೆ ಮೊದಲು ಮೋಟರ್ ಆರಿಸಿ, ಚಾರ್ಜರಿನ ಕಂಡಿ ಮುಚ್ಚಿ. ಬ್ಯಾಟರಿ ತೆಗೆಯಬೇಕೇ ಬೇಡವೇ ಎನ್ನುವುದು ಆ ಸೈಕಲ್ಲಿನ ಕೈಪಿಡಿಯಲ್ಲಿರುತ್ತದೆ.

ಚೈನಿಗೆ ಎಣ್ಣೆ ಬಿಡುವಾಗ

ತೊಳೆಯುವುದರಲ್ಲಿ ಎಚ್ಚರ ವಹಿಸಿದವರೂ ಎಡವುವುದು ಇಲ್ಲೇ. ಸ್ಪ್ರೇ ಡಬ್ಬಿ ತೆಗೆದು ಚೈನಿಗೆ ಸರ್ರನೆ ಹೊಡೆದರೆ ಅರ್ಧ ಎಣ್ಣೆ ಚೈನಿಗೆ, ಉಳಿದರ್ಧ ಗಾಳಿಗೆ. ಡಬ್ಲ್ಯುಡಿ-40ಯನ್ನು ಎಲ್ಲದಕ್ಕೂ ಮದ್ದೆಂದು ಹೊಡೆಯುವ ಅಭ್ಯಾಸವೂ ಇದೇ ಅನಾಹುತ ತರುತ್ತದೆ. ಹನಿಹನಿಯಾಗಿ ಬಿಡುವ ಸೈಕಲ್ ಚೈನ್ ಎಣ್ಣೆಯನ್ನು ಕೆಳಗಿನ ಸಾಲಿನ ಚೈನಿಗೆ, ಕೊಂಡಿಗೊಂದು ಹನಿಯಂತೆ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಬಿಡಿ. ಐದು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಎಣ್ಣೆ ಕೆಲಸ ಮಾಡುವುದು ಕೊಂಡಿಯ ಒಳಗೆ. ಹೊರಗಿರುವುದು ದೂಳು ಹಿಡಿಯುತ್ತದೆ, ಚಕ್ರ ತಿರುಗುವಾಗ ಸಿಡಿಯುತ್ತದೆ. ತೆಂಗಿನ ಎಣ್ಣೆ, ಬಳಸಿಬಿಟ್ಟ ಎಂಜಿನ್ ಆಯಿಲ್ ಚೈನಿಗೂ ಒಳ್ಳೆಯದಲ್ಲ.

ಎಣ್ಣೆ ಬಿಟ್ಟು ಸೈಕಲ್ಲನ್ನು ಎಡಕ್ಕೆ ಮಲಗಿಸಬೇಡಿ. ಚೈನ್ ಮೇಲೆ, ರೋಟರ್ ಕೆಳಗೆ ಬರುವ ಆ ಭಂಗಿಯಲ್ಲಿ ಎಣ್ಣೆ ಇಳಿಯುವ ದಾರಿ ನೇರವಾಗಿ ಬ್ರೇಕಿಗೆ. ಇನ್ನೊಂದು ಮಾತು: ಕಿರುಚುವ ಡಿಸ್ಕಿಗೆ ಎಣ್ಣೆ ಬಿಡುವುದು ಎಂದೆಂದಿಗೂ ಬೇಡ. ಬಾಗಿಲ ಕೀಲು ಕಿರ್ರೆಂದರೆ ಎಣ್ಣೆ ಬಿಡುವ ನಮ್ಮ ಕೈ ತಾನಾಗಿ ಡಬ್ಬಿಯತ್ತ ಹೋಗುತ್ತದೆ. ಬ್ರೇಕಿನಲ್ಲಿ ಅದು ಜೀವಕ್ಕೆ ಎರವಾಗುವ ಕೆಲಸ.

ತಲೆಕೆಳಗೆ ನಿಲ್ಲಿಸುವುದು, ಚಕ್ರ ಬಿಚ್ಚುವುದು

ಪಂಕ್ಚರ್ ಹಾಕುವವರು ಸೀಟು, ಹ್ಯಾಂಡಲ್ ನೆಲಕ್ಕೆ ಮಾಡಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸುವುದು ಎಲ್ಲರೂ ಕಂಡದ್ದೇ. ಕೇಬಲ್ ಬ್ರೇಕಿಗೆ ಇದರಿಂದ ತೊಂದರೆಯಿಲ್ಲ. ದ್ರವದ ಬ್ರೇಕಿನಲ್ಲಿ ಲಿವರಿನ ಪುಟ್ಟ ತೊಟ್ಟಿಯಲ್ಲಿ ಸ್ವಲ್ಪ ಗಾಳಿ ಇದ್ದರೆ ಅದು ಕೊಳವೆಯೊಳಕ್ಕೆ ಏರಬಹುದು. ದ್ರವ ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹಾಗಾಗಿ ಲಿವರ್ ಮೆತ್ತಗಾಗಿ ಹ್ಯಾಂಡಲಿನವರೆಗೂ ಬರುತ್ತದೆ. ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ ಹತ್ತಿಪ್ಪತ್ತು ಸಲ ಮೆಲ್ಲಗೆ ಒತ್ತಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆಗದಿದ್ದರೆ ಬ್ಲೀಡಿಂಗ್ ಮಾಡಿಸಿ ಗಾಳಿ ತೆಗೆಸಬೇಕು. ತೊಳೆಯಲು ಸ್ಟ್ಯಾಂಡ್ ಇಲ್ಲದಿದ್ದರೆ ಗೋಡೆಗೆ ಒರಗಿಸಿ ತೊಳೆಯುವುದೇ ಲೇಸು.

ಚಕ್ರ ಬಿಚ್ಚಿ ತೊಳೆಯುವುದಾದರೆ ಲಿವರ್ ಒತ್ತಲೇಬೇಡಿ. ನಡುವೆ ರೋಟರ್ ಇಲ್ಲದಾಗ ಪಿಸ್ಟನ್ನುಗಳು ಮುಂದೆ ಬಂದು ಪ್ಯಾಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಚಕ್ರ ಮತ್ತೆ ಕೂರುವುದಿಲ್ಲ. ಹೊಸ ಸೈಕಲ್ಲಿನ ಜೊತೆ ಬರುವ ಪ್ಲಾಸ್ಟಿಕ್ ತುಂಡನ್ನು ಎಸೆಯದೆ ಇಟ್ಟುಕೊಂಡಿದ್ದರೆ ಪ್ಯಾಡುಗಳ ನಡುವೆ ಅದನ್ನು ಸೇರಿಸಿ. ಅದಿಲ್ಲದಿದ್ದರೆ ಶುಚಿಯಾದ ರಟ್ಟನ್ನು ಮಡಚಿ ಇಡಬಹುದು.

ಬ್ರೇಕಿನ ದ್ರವದಲ್ಲಿ ಎರಡು ಜಾತಿ. ಶಿಮಾನೊ, ಮಗುರಾ, ಟೆಕ್ಟ್ರೊ ಬ್ರೇಕುಗಳಲ್ಲಿ ಮಿನರಲ್ ಆಯಿಲ್. ಶ್ರಾಮ್ ಕಂಪನಿಯ ಅನೇಕ ಬ್ರೇಕುಗಳಲ್ಲಿ, ಹೋಪ್ ಬ್ರೇಕುಗಳಲ್ಲಿ ಕಾರು ಬೈಕುಗಳಂತೆ ಡಾಟ್ ದ್ರವ. ಡಾಟ್ ದ್ರವ ಸೋರಿ ಫ್ರೇಮಿಗೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ, ತಕ್ಷಣ ನೀರು ಹುಯ್ಯಬೇಕು. ಮಿನರಲ್ ಆಯಿಲ್ ಬರೀ ನೀರಿಗೆ ಹೋಗುವುದಿಲ್ಲ, ಸೋಪು ಬೇಕು. ಒಂದರ ಜಾಗಕ್ಕೆ ಇನ್ನೊಂದನ್ನು ತುಂಬಿದರೆ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಯಾವ ದ್ರವ ಎಂಬುದು ಲಿವರಿನ ಮೇಲೇ ಬರೆದಿರುತ್ತದೆ, ಓದಿ ನೋಡಿ.

ಪ್ಯಾಡಿಗೆ ಎಣ್ಣೆ ತಗುಲಿಬಿಟ್ಟರೆ

ಒದ್ದೆ ಡಿಸ್ಕಿನ ಸದ್ದು ಕೆಲವು ಸಲ ಬ್ರೇಕ್ ಹಾಕುವುದರೊಳಗೆ ನಿಲ್ಲುತ್ತದೆ. ಒಣಗಿದ ಮೇಲೂ ಕಿರುಚುತ್ತಿದ್ದು, ಹಿಡಿತವೂ ಸಡಿಲವಾಗಿದ್ದರೆ ಎಣ್ಣೆಯ ಅನುಮಾನ. ರೋಟರನ್ನು ಆಲ್ಕೋಹಾಲಿನಲ್ಲಿ ಚೆನ್ನಾಗಿ ಒರೆಸಿದರೆ ಅದು ಚೇತರಿಸಿಕೊಳ್ಳುತ್ತದೆ, ಲೋಹದಲ್ಲಿ ಎಣ್ಣೆ ಇಳಿಯುವುದಿಲ್ಲ. ಪ್ಯಾಡಿಗೆ ಲೇಪ ತುಸುವೇ ಆಗಿದ್ದರೆ ಬಿಚ್ಚಿ, ಸಮತಟ್ಟಾದ ಜಾಗದಲ್ಲಿ ಉಪ್ಪುಕಾಗದ ಹಾಸಿ, ಹೊಳಪು ಹೋಗುವವರೆಗೆ ಮೆಲ್ಲನೆ ಉಜ್ಜಿ ನೋಡಬಹುದು. ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಇರಲಿ. ಗ್ಯಾಸ್ ಒಲೆಯ ಮೇಲಿಟ್ಟು ಎಣ್ಣೆ ಸುಡಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ರಾಳದ ಹೊಗೆ ವಿಷ, ಸುಟ್ಟ ಪ್ಯಾಡ್ ತಗಡಿನಿಂದ ಕಿತ್ತುಬರುವ ಸಾಧ್ಯತೆಯೂ ಇದೆ. ನನ್ನ ತೀರ್ಪು ಸರಳ: ಎಣ್ಣೆ ಕುಡಿದ ಪ್ಯಾಡನ್ನು ಎಸೆದು ಹೊಸದು ಹಾಕಿ.

ಹೊಸ ಪ್ಯಾಡ್ ಹಾಕಿದ ಕೂಡಲೇ ಪೂರ್ತಿ ಹಿಡಿತ ಬರುವುದಿಲ್ಲ. ಪ್ಯಾಡಿನ ವಸ್ತುವಿನ ತೆಳು ಪದರವೊಂದು ರೋಟರಿನ ಮೇಲೆ ಸಮನಾಗಿ ಕೂರಬೇಕು. ವಾಹನಗಳಿಲ್ಲದ ಕಡೆ ಸಾಧಾರಣ ವೇಗಕ್ಕೆ ಹೋಗಿ, ನಡಿಗೆಯ ವೇಗಕ್ಕೆ ಇಳಿಯುವವರೆಗೆ ಒತ್ತಿ ಬಿಡಬೇಕು; ಪೂರ್ತಿ ನಿಲ್ಲಿಸಬಾರದು. ಹೀಗೆ ಒಂದೊಂದು ಬ್ರೇಕಿಗೂ ಇಪ್ಪತ್ತು ಸಲ ಮಾಡಿದರೆ ಪ್ಯಾಡ್ ಪಳಗುತ್ತದೆ.

ಮಲೆನಾಡು, ಕರಾವಳಿ, ಬಯಲುಸೀಮೆ

ಮಲೆನಾಡಿನ ಮಳೆಗಾಲದಲ್ಲಿ ಕೆಂಪು ಮಣ್ಣಿನ ಕಣಗಳು ಪ್ಯಾಡಿಗೂ ರೋಟರಿಗೂ ನಡುವೆ ಸೇರಿ ಉಪ್ಪುಕಾಗದದಂತೆ ತೇಯುತ್ತವೆ. ಅಲ್ಲಿ ಸೋಪಿನ ಸ್ನಾನಕ್ಕಿಂತ ಪ್ರತಿ ಸವಾರಿಯ ನಂತರ ಒಂದೆರಡು ಮಗ್ ನೀರು ಹುಯ್ಯುವುದು ಮುಖ್ಯ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿ. ರೋಟರ್ ಸ್ಟೇನ್‌ಲೆಸ್ ಆದರೂ ಬೋಲ್ಟು, ಪ್ಯಾಡಿನ ಹಿಂದಿನ ತಗಡು, ಕೇಬಲ್ಲು ತುಕ್ಕು ಹಿಡಿಯುತ್ತವೆ. ಕಡಲ ದಂಡೆಯಲ್ಲಿ ಓಡಿಸಿದ ದಿನವೇ ಸಿಹಿನೀರಿನಲ್ಲಿ ತೊಳೆದು ಒರೆಸಬೇಕು. ಬಯಲುಸೀಮೆಯ ಬೋರ್‌ವೆಲ್ಲಿನ ಗಡಸು ನೀರು ತಾನಾಗಿ ಆರಿದರೆ ಬಿಳಿ ಕಲೆ ಬಿಡುತ್ತದೆ, ಆದ್ದರಿಂದ ಒರೆಸದೆ ಬಿಡುವಂತಿಲ್ಲ. ಕೇಬಲ್ ಬ್ರೇಕಿದ್ದರೆ ಕೊಳವೆಯ ಬಾಯಿಗೆ ನೀರು ನಿಲ್ಲದಂತೆ ನೋಡಿ. ಲಿವರ್ ಬಿಗಿಯಾಯಿತು, ಬಿಟ್ಟಾಗ ನಿಧಾನವಾಗಿ ಮರಳುತ್ತದೆ ಎಂದರೆ ಒಳಗೆ ತುಕ್ಕು ಶುರುವಾಗಿದೆ, ಕೇಬಲ್ ಬದಲಿಸುವ ಕಾಲ.

ಮತ್ತೆ ಹತ್ತುವ ಮುನ್ನ

ಸೈಕಲ್ ಶುಚಿಯಾಗಿರುವಾಗಲೇ ಬ್ರೇಕನ್ನು ಕಣ್ಣಿಟ್ಟು ನೋಡುವುದು ಸುಲಭ. ಪ್ಯಾಡಿನಲ್ಲಿ ತಗಡು ಬಿಟ್ಟು ಉಳಿದ ವಸ್ತು ಅರ್ಧ ಮಿಲಿಮೀಟರಿಗೆ ಬಂದಿದ್ದರೆ ಬದಲಿಸಬೇಕೆಂದು ಶಿಮಾನೊ ಹೇಳುತ್ತದೆ. ರೋಟರ್ ತೇದು 1.5 ಮಿಲಿಮೀಟರ್ ಆದರೆ ಅದಕ್ಕೂ ವಿದಾಯ. ಚಕ್ರ ಎತ್ತಿ ತಿರುಗಿಸಿ, ರೋಟರ್ ಎಲ್ಲಾದರೂ ಸವರುತ್ತಿದೆಯೇ ಕೇಳಿ. ಕೊಳವೆಯ ಜೋಡಣೆಯಲ್ಲಿ ಒದ್ದೆ ಹೊಳಪು ಕಂಡರೆ ಬೆರಳಿಂದ ಮುಟ್ಟಿ ನೋಡಿ. ನೀರೋ ಎಣ್ಣೆಯೋ ಗೊತ್ತಾಗುತ್ತದೆ. ಬಿಚ್ಚಿದ್ದ ಚಕ್ರದ ಆಕ್ಸಲ್ ಬಿಗಿಯಾಗಿದೆಯೇ ಎಂದು ಇನ್ನೊಮ್ಮೆ ಪರೀಕ್ಷಿಸಿ.

ಕೊನೆಯ ಪರೀಕ್ಷೆ ಅಂಗಳದಲ್ಲೇ ಆಗಲಿ. ಸೈಕಲ್ಲನ್ನು ತಳ್ಳಿಕೊಂಡು ನಡೆಯುತ್ತ ಮುಂದಿನ ಬ್ರೇಕ್, ಹಿಂದಿನ ಬ್ರೇಕ್ ಒಂದೊಂದಾಗಿ ಒತ್ತಿ. ಆಮೇಲೆ ಹತ್ತಿ ನಿಧಾನವಾಗಿ ಓಡಿಸುತ್ತ ಕೆಲವು ಸಲ ಒತ್ತಿ ನೀರು ಆರಿಸಿ. ಎರಡೂ ಗಟ್ಟಿಯಾಗಿ ಹಿಡಿದರೆ ರಸ್ತೆಗಿಳಿಯಿರಿ. ಹಿಡಿಯದಿದ್ದರೆ ಆ ದಿನ ಸೈಕಲ್ಲನ್ನು ತಳ್ಳಿಕೊಂಡೇ ಅಂಗಡಿಗೆ ಹೋಗಿ, ಓಡಿಸಿಕೊಂಡು ಹೋಗಬೇಡಿ.